ನಾಲ್ಕನೆಯ ಅಂಚು

ಮಗಳು ಸುಗನ್ಯಾಳ ಶಾಲೆಯ ಬಿಳಿ ಅಂಗಿಯನ್ನು ಈಶ್ವರಿ ತಾರಸಿಯ ಮೇಲೆ ಹಿಂಡುತ್ತಿದ್ದಾಗ ಕೆಳಗಿನಿಂದ ಗಂಡನ ಕೂಗು ಕೇಳಿತು. ಕೂಗಿದ್ದು ಅವಳ ಹೆಸರನ್ನಲ್ಲ.

"ಅವ್ವಾ... ಏಳವ್ವಾ... ಅವ್ವಾ..."

ಅರ್ಧ ಹಿಂಡಿದ ಅಂಗಿಯನ್ನು ಹಿಡಿದುಕೊಂಡೇ ಅವಳು ಮೆಟ್ಟಿಲಿಳಿದಳು. ಮೆಟ್ಟಿಲುದ್ದಕ್ಕೂ ನೀರು ತೊಟ್ಟಿಕ್ಕಿತು. ಒಳಗೆ ಸೆಂದಿಲ್ ಕುಮಾರ್ ತಾಯಿಯ ಅಂಗಾಲುಗಳನ್ನು ತಿಕ್ಕುತ್ತಿದ್ದ. ಲೀಲಮ್ಮ ಎಂದಿನಂತೆ ಗೋಡೆಯ ಕಡೆ ಹೊರಳಿ ಮಲಗಿದ್ದರು. ಈಶ್ವರಿ ಅತ್ತೆಯ ಹಣೆ ಮುಟ್ಟಿದಳು. ನೀರಲ್ಲಿ ನೆನೆದ ತನ್ನ ಕೈಗಿಂತ ಆ ಹಣೆಯೇ ತಣ್ಣಗಿತ್ತು.

ಬಿಸಿಲೇರುವ ಹೊತ್ತಿಗೆ ಗಣಪತಿ ಎಂಬ ಬಡಾವಣೆಯ ಆ ಓಣಿಯಲ್ಲಿ ಶಾಮಿಯಾನ ಎದ್ದಿತು. ಸೆಂದಿಲ್‌ನ ಲೇತ್ ಪಟ್ಟರೆಗೆ, ಆ ಪುಟ್ಟ ಕಾರ್ಖಾನೆಗೆ, ಬೀಗ ಬಿದ್ದಿತ್ತು; ಎದುರಿನ ಪಂಪಿನ ಪಟ್ಟರೆಯವರು ಕೂಡ ಮಷಿನ್ ನಿಲ್ಲಿಸಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ನಡುಮನೆಯಲ್ಲಿ ಗಾಜಿನ ಐಸ್ ಪೆಟ್ಟಿಗೆ. ಅದರ ತಲೆಯ ಕಡೆ ಲೀಲಮ್ಮನ ತಂಗಿ ಪಾಪಾತಿ ಕೂತಿದ್ದಳು. ಕಾಲಿನ ಕಡೆ ಸುಗನ್ಯಾ. ಹನ್ನೊಂದು ವರ್ಷದ ಹುಡುಗಿ ಬೆಳಗಿನಿಂದ ಇನ್ನೂ ಅತ್ತಿರಲಿಲ್ಲ.

ತಿರುಪ್ಪೂರಿನಿಂದ ಬಸ್ಸು ಹತ್ತಿ ಕನ್ನಿಯಮ್ಮಾಳ್ ಬಂದಳು. ಬನಿಯನ್ ಕಂಪನಿಯಲ್ಲಿ ಲೀಲಮ್ಮನ ಪಕ್ಕದಲ್ಲೇ ಕೂತು, ಹೊಲಿದು ಬಂದ ಬನಿಯನ್ನುಗಳ ಮಿಕ್ಕ ನೂಲನ್ನು ಕತ್ತರಿಸುತ್ತ ಆಯಸ್ಸು ಕಳೆದವಳು. ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ತಮಿಳಿನಲ್ಲಿ ಮಾತಿಗೆ ಕೂತಳು.

"ಸೂಪರ್‌ವೈಸರ್ ಬೈಯೋಕೆ ಬಂದ್ರೆ ಇವಳು ಅವನ ಕಾಲರಿಗೇ ಕೈ ಹಾಕ್ತಿದ್ಲು. 'ಸ್ವಲ್ಪ ನಿಲ್ಲಪ್ಪಾ, ಇಲ್ಲೊಂದು ನೂಲು' ಅಂತ ಕಚಕ್ಕನೆ ಕತ್ತರಿಸಿ ಬಿಡೋಳು. ಪಾಪ, ಅವನಿಗೆ ಬೈಗುಳವೇ ಮರೆತು ಹೋಗ್ತಿತ್ತು."

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

"ಕೊನೇಗೆ ಆ ಚಿನ್ನದ ಕ್ಲಾಸು ಬೇರೆ," ಎಂದಳು ಪಾಪಾತಿ. "ಮೈ ಮೇಲೆ ಗುಲಗಂಜಿಯಷ್ಟು ಚಿನ್ನ ಇಲ್ಲ, ಮರದ ಹಲಗೆಗೆ ಚಿನ್ನ ಹಚ್ಚೋಕೆ ಹೋಗ್ತೀಯಾ ಅಕ್ಕಾ ಅಂತ ಗೇಲಿ ಮಾಡ್ದೆ. ಏನಂದ್ಲು ಗೊತ್ತಾ? 'ಮೈಗೆ ಹಾಕ್ಕಂಡ್ರೆ ಅಡ ಇಡೋಕೆ ಬತ್ತೀರ ಕಣೇ. ಮರಕ್ಕೆ ಹಚ್ಚಿದ್ದನ್ನ ಯಾವನು ಕೀಳ್ತಾನೆ?'"

ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಈಶ್ವರಿಗೆ ನಗು ಬರಲಿಲ್ಲ. ಅವಳು ಮಗಳನ್ನೇ ನೋಡುತ್ತಿದ್ದಳು.

* * *

ಆ ಕ್ಲಾಸು ಗಾಂಧಿಪುರದಲ್ಲಿ, ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ, ಶನಿವಾರ ನಡೆಯುತ್ತಿತ್ತು. ಮಂಡಿನೋವಿನಿಂದ ಕಂಪನಿ ಬಿಟ್ಟು ಮಗನ ಮನೆ ಸೇರಿದ ಮೇಲೆ ಲೀಲಮ್ಮ ತನಗೋಸ್ಕರ ಅಂತ ಕಲಿಯಲು ಹೋದದ್ದು ಅದೊಂದೇ. ಮೊದಲ ದಿನ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ನಕ್ಕಿದ್ದರು.

"ಫ್ಯಾನ್ ಹಾಕೋಂಗಿಲ್ಲ, ಕಿಟಕಿ ತೆಗೆಯೋಂಗಿಲ್ಲ. ನಾನು ಉಸಿರು ಬಿಟ್ಟೆ ನೋಡು, ರೇಕು ಹಾರಿ ಹೋಗಿ ಮೇಷ್ಟ್ರ ಮೀಸೆಗೆ ಅಂಟ್ಕಂತು!"

ಚಿನ್ನದ ರೇಕು ಅಷ್ಟು ತೆಳು. ಬೆರಳು ತಾಕಿದರೆ ಪುಡಿ. ಅಳಿಲಿನ ಕೂದಲಿನ ಕುಂಚವನ್ನು ಮೊದಲು ಕೆನ್ನೆಗೆ ಸವರಿಕೊಳ್ಳಬೇಕು. ಚರ್ಮದ ಎಣ್ಣೆಯ ಪಸೆ ಕುಂಚಕ್ಕೆ ತಾಗಿದರೆ ಸಾಕು, ರೇಕು ತಾನಾಗಿ ಅಂಟಿಕೊಂಡು ಮೇಲೇಳುತ್ತದೆ. ಆಮೇಲೆ ಕೆಮ್ಮಣ್ಣು ಬಳಿದು ನೀರು ಸವರಿದ ಮರದ ಮೇಲೆ ಅದನ್ನು ಇಳಿಸಬೇಕು. ಲೀಲಮ್ಮನ ಕುಂಚಕ್ಕೆ ರೇಕು ಏಳುತ್ತಿರಲಿಲ್ಲ.

"ನನ್ನ ಕೆನ್ನೆ ಒಣಗಿದ ಬಾಳೆಲೆ ಆಗೈತೆ. ಅಮ್ಮಿಣೀ, ನಿನ್ನ ಕೆನ್ನೆ ಸಾಲ ಕೊಡ್ತೀಯಾ?"

ಸುಗನ್ಯಾ ಅಜ್ಜಿಯ ಜೊತೆ ಹೊರಟಳು. ಅಜ್ಜಿ ಮೊಮ್ಮಗಳ ಕೆನ್ನೆಗೆ ಕುಂಚ ಸವರಿ ರೇಕು ಎತ್ತುವುದು, ಮೊಮ್ಮಗಳು ಉಸಿರು ಬಿಗಿಹಿಡಿದು ನೋಡುವುದು. ಸಂಜೆ ಬರುವಾಗ ಹುಡುಗಿಯ ಕೆನ್ನೆಯಲ್ಲಿ ಒಂದು ಹೊನ್ನಿನ ಚೂರು ಇದ್ದೇ ಇರುತ್ತಿತ್ತು. ಇಬ್ಬರೂ ತಮಿಳಿನಲ್ಲಿ ಏನೋ ಹೇಳಿಕೊಂಡು ಕಿಸಿಕಿಸಿ ನಗುತ್ತಿದ್ದರು. ಚಾಮರಾಜನಗರದ ಕಡೆಯಿಂದ ಸೊಸೆಯಾಗಿ ಬಂದ ಈಶ್ವರಿಗೆ ತರಕಾರಿಗೆ ಚೌಕಾಸಿ ಮಾಡುವಷ್ಟು ತಮಿಳು ಬಂದಿತ್ತು, ನಗುವಷ್ಟು ಬಂದಿರಲಿಲ್ಲ.

"ಏನು? ನನಗೂ ಹೇಳಿ," ಎನ್ನುತ್ತಿದ್ದಳು.

"ಏನಿಲ್ಲಮ್ಮಾ, ಸುಮ್ನೆ," ಎನ್ನುತ್ತಿದ್ದಳು ಮಗಳು. ಮತ್ತೆ ಇಬ್ಬರಿಗೂ ನಗು.

ಒಂದು ದಿನ ಸುಗನ್ಯಾಳ ಕೆನ್ನೆಯಲ್ಲಿ ಬೆಳ್ಳಗೆ ಒಂದು ಕಲೆ ಎದ್ದಿತು. ಒಣಹವೆಗೆ ಹೀಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಮುಲಾಮು ಬರೆದುಕೊಟ್ಟರು. ಕಲೆ ಬೇಗ ಮಾಯವಾಯಿತು. ಆದರೆ ಕಲೆಯ ನೆಪದಲ್ಲಿ ಮನೆಯಲ್ಲಿ ಉಳಿದ ಮಗಳನ್ನು ಮತ್ತೆ ಕ್ಲಾಸಿಗೆ ಹೋಗಲು ಈಶ್ವರಿ ಬಿಡಲಿಲ್ಲ.

ಮಗಳಿಗೆ ತಲೆ ಬಾಚುತ್ತ ಹೇಳಿದಳು: "ಕ್ಲಾಸಿಗೆ ಮಕ್ಕಳನ್ನ ಕರ್ಕೊಂಡು ಬರಬೇಡಿ ಅಂತ ಮೇಷ್ಟ್ರು ಅಂದಿದಾರಂತೆ ಪುಟ್ಟಿ. ಅಜ್ಜಿಗೆ ನಿನ್ನ ಹತ್ರ ಹೇಳೋಕೆ ಕಷ್ಟ. ನೀನು ಕೇಳೋಕೆ ಹೋಗ್ಬೇಡ, ಅವರಿಗೆ ನೋವಾಗುತ್ತೆ."

ಅತ್ತೆಗೆ ಅನ್ನ ಬಡಿಸುತ್ತ ಹೇಳಿದಳು: "ಅವಳಿಗೆ ಬೇಜಾರು ಬಂದಿದೆಯಂತೆ ಅತ್ತೆ. ನಿಮ್ಮ ಮುಖ ನೋಡಿಕೊಂಡು ಹೇಳೋಕೆ ಅವಳಿಗಾಗಲ್ಲ. ನೀವೇನೂ ಕೇಳಬೇಡಿ, ಆಯ್ತಾ?"

ಇಬ್ಬರೂ ಒಳ್ಳೆಯವರು. ಹಾಗಾಗಿ ಇಬ್ಬರೂ ಕೇಳಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಲೀಲಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುವುದಕ್ಕೆ ಬಹಳ ಹೊತ್ತು ಮಾಡುತ್ತಿದ್ದರು. ಸುಗನ್ಯಾ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಈಶ್ವರಿಗೆ ಎಷ್ಟೋ ಸಲ ಬಾಯಿಗೆ ಬಂದದ್ದುಂಟು. ದೀಪಾವಳಿ ಕಳೆಯಲಿ ಎಂದುಕೊಂಡಳು. ಪರೀಕ್ಷೆ ಮುಗಿಯಲಿ ಎಂದುಕೊಂಡಳು.

* * *

ಮಧ್ಯಾಹ್ನದ ಹೊತ್ತಿಗೆ ಕ್ಲಾಸಿನ ಮೇಷ್ಟ್ರು ಪ್ರಭಾಕರನ್ ಬಂದರು. ಕಂಕುಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಏನನ್ನೋ ಹಿಡಿದಿದ್ದರು. ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತು, ಆಮೇಲೆ ಸೆಂದಿಲ್‌ನ ಕಡೆ ತಿರುಗಿದರು.

"ಅಮ್ಮನ ಕೆಲಸ. ಮನೆ ಸೇರಲಿ ಅಂತ ತಂದೆ."

ಪಂಚೆ ಬಿಚ್ಚಿದರೆ ಒಳಗೊಂದು ಮಣೆ. ಮೂರು ಅಂಚಿನಲ್ಲಿ ಹೊನ್ನು ಕಣ್ಣು ಕೋರೈಸುತ್ತಿತ್ತು. ನಾಲ್ಕನೆಯದರಲ್ಲಿ ಬರೀ ಕೆಮ್ಮಣ್ಣು.

"ಮಣೆ ಯಾಕಂತೆ?" ಪಾಪಾತಿ ಕೇಳಿದಳು.

"ಮೊಮ್ಮಗಳು ದೊಡ್ಡವಳಾದಾಗ ಕೂರಿಸಿ ಆರತಿ ಎತ್ತೋಕೆ ಅಂತಿದ್ರು. ಈ ಒಂದು ಅಂಚು ಹಾಗೇ ನಿಂತೋಯ್ತು. ನನ್ನ ಕೆನ್ನೆ ತಗೊಳ್ಳಿ ಅಮ್ಮಾ ಅಂದೆ. 'ನಿಮ್ಮ ಗಡ್ಡಕ್ಕೆ ಕುಂಚ ಸವೆದು ಹೋಗುತ್ತೆ ಸಾರ್' ಅಂದ್ರು." ಅವರು ನಗಲು ನೋಡಿದರು, ಆಗಲಿಲ್ಲ. "ಕುಂಚಕ್ಕೆ ಒಂಚೂರು ವ್ಯಾಸಲೀನ್ ಸವರಿದ್ರೂ ನಡೆಯುತ್ತೆ, ಅದಕ್ಕೂ ಒಪ್ಪಲಿಲ್ಲ. ವಾರ ವಾರ ಬಂದು, ಮುಗಿದ ಅಂಚುಗಳನ್ನೇ ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ಕೊಟ್ಟು ಹೋಗೋರು. ಅವಳಿಗೆ ಮನಸ್ಸು ಬಂದಾಗ ಬತ್ತಾಳೆ, ನನಗೇನು ಅವಸರ ಅನ್ನೋರು."

ಕುಕ್ಕರಗಾಲಲ್ಲಿ ಕೂತು ಅವರು ಸುಗನ್ಯಾಳ ತಲೆ ಸವರಿದರು.

"ನಿನಗೆ ಬೇಜಾರು ಬಂದಿತ್ತಂತಲ್ಲಾ ಪಾಪಾ. ಪರವಾಗಿಲ್ಲ, ಅಜ್ಜಿ ಒಂದು ದಿನಾನೂ ನಿನ್ನನ್ನ ಬೈಯಲಿಲ್ಲ. ಕಿಟಕಿ ಹತ್ರ ನಿನ್ನ ಸ್ಟೂಲು ಇನ್ನೂ ಹಾಗೇ ಐತೆ. ಈಗ ನಾಲ್ಕೈದು ಮಕ್ಕಳು ಬರ್ತಾರೆ, ಯಾರನ್ನೂ ಅದರ ಮೇಲೆ ಕೂರೋಕೆ ಬಿಡ್ತಿರಲಿಲ್ಲ ನಿಮ್ಮಜ್ಜಿ."

ಸುಗನ್ಯಾ ಮೇಷ್ಟ್ರನ್ನು ನೋಡಿದಳು. ಮಣೆಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಅಮ್ಮನ ಕಡೆ ಕಣ್ಣೆತ್ತಿದಳು.

ಈಶ್ವರಿ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಅತ್ತೆಯ ಹತ್ತಿರ ಇನ್ನು ಹೇಳುವಂತಿಲ್ಲ. ಮಗಳನ್ನಾದರೂ ಒಳಗೆ ಕರೆದು, ಬಾಗಿಲು ಹಾಕಿ, ಈಗಲೇ ಹೇಳಿಬಿಟ್ಟರೆ? ಕೈ ಒರೆಸಿಕೊಂಡು ಬಾಗಿಲ ತನಕ ಬಂದಳು. ಅಷ್ಟರಲ್ಲಿ ಓಣಿಯಲ್ಲಿ ಶವದ ವ್ಯಾನು ಹಾರ್ನ್ ಹೊಡೆಯಿತು.

"ಸೀಕ್ರಂ, ಸೀಕ್ರಂ! ಹೊತ್ತಾಗೋಯ್ತು," ಎಂದು ಪಾಪಾತಿ ಎಲ್ಲರನ್ನೂ ಎಬ್ಬಿಸಿದಳು.

ಲೀಲಮ್ಮನಿಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ ಅಂಗಳದಲ್ಲಿ ಮಲಗಿಸಿದರು. ಬಂಧುಗಳು ಒಬ್ಬೊಬ್ಬರಾಗಿ ಬಾಯಿಗೆ ಅಕ್ಕಿ ಹಾಕಿದರು. ಈಶ್ವರಿಯ ಸರದಿ ಬಂದಾಗ ಬೆರಳು ಬಿಚ್ಚಲಿಲ್ಲ. ಅರ್ಧ ಅಕ್ಕಿ ಅಂಗೈಯಲ್ಲೇ ಉಳಿಯಿತು. ಕೊನೆಗೆ ಮೊಮ್ಮಗಳ ಪಾಲಿನ ಶಾಸ್ತ್ರ. ತುದಿಗೆ ಬಟ್ಟೆ ಸುತ್ತಿ ತುಪ್ಪದಲ್ಲಿ ಅದ್ದಿದ ಕಡ್ಡಿಯನ್ನು ಸೆಂದಿಲ್ ಹೊತ್ತಿಸಿ ಮಗಳ ಕೈಗೆ ಕೊಟ್ಟ.

"ಅಜ್ಜಿಗೆ ದಾರಿ ಕಾಣೋಕೆ ಬೆಳಕು ಹಿಡೀಬೇಕು ಅಮ್ಮಿಣೀ. ಸುತ್ತು ಬಾ," ಎಂದಳು ಪಾಪಾತಿ.

ಸುಗನ್ಯಾ ನಡೆದಳು. ಅಜ್ಜಿಯ ತಲೆಯನ್ನು ದಾಟಿ, ಭುಜವನ್ನು ದಾಟಿ, ಈಶ್ವರಿ ನಿಂತಿದ್ದಲ್ಲಿಗೆ ಬಂದು ನಿಂತುಬಿಟ್ಟಳು.

"ನಡೀ ಕಣ್ಣೂ, ನಿಲ್ಲಬಾರದು," ಎಂದ ಸೆಂದಿಲ್.

ಅವಳು ಕದಲಲಿಲ್ಲ. ಕಾದ ತುಪ್ಪ ಕಡ್ಡಿಗುಂಟ ಇಳಿದು ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಕೈ ಹಿಂದೆಗೆಯಲಿಲ್ಲ. ಉರಿಯ ಆಚೆ ಅವಳ ಮುಖ ಕೆಂಪಾಗಿತ್ತು.

"ಅಮ್ಮಾ, ನನಗೆ ಬೇಜಾರು ಅಂತ ಅಜ್ಜಿಗೆ ಯಾರು ಹೇಳಿದ್ದು?"