ಎಂಟು ಕಾರಿನ ಗಾಡಿ

ಎಂಬತ್ತೊಂದನೇ ಇಸವಿಯಲ್ಲಿ, ಅವರೆಕಾಯಿ ಕಾಲ ಶುರುವಾಗುವ ಹೊತ್ತಿಗೆ, ಹೊಸೂರು ರಸ್ತೆಯ ಹೊಂಗೇಕುಂಟೆ ಗೇಟಿನಲ್ಲಿ ನಾಡಿನ ಮುಂದಿನ ಇಪ್ಪತ್ತು ವರ್ಷಗಳ ಭವಿಷ್ಯಕ್ಕೆ ಸಂಬಂಧಪಟ್ಟ ಒಂದು ಗುರುತರವಾದ ಪ್ರಶ್ನೆ ಎದ್ದಿತು. ಸರ್ಕಾರದ ಮಡಚುವ ಕುರ್ಚಿಯನ್ನು ರಸ್ತೆಯ ಯಾವ ಮಗ್ಗುಲಿಗೆ ಹಾಕಬೇಕು ಎಂಬುದೇ ಆ ಪ್ರಶ್ನೆ. ಒಂದು ಮಗ್ಗುಲಲ್ಲಿ ಟೀ ಅಂಗಡಿ ಇತ್ತು, ನೆರಳಿರಲಿಲ್ಲ. ಇನ್ನೊಂದು ಮಗ್ಗುಲಲ್ಲಿ ನಲ್ಲಪ್ಪನ ಹೊಲದ ಬದುವಿನ ಹೊಂಗೆಮರವಿತ್ತು, ಟೀ ಇರಲಿಲ್ಲ. ಅಸಿಸ್ಟೆಂಟ್ ಇಂಜಿನಿಯರ್ ಸುಬ್ರಹ್ಮಣ್ಯ ಎರಡೂ ಕಡೆ ಕುರ್ಚಿ ಬಿಡಿಸಿ, ಕೂತು, ಎದ್ದು, ಮಡಚಿ, ತಮಿಳುನಾಡಿನ ಲಾರಿಗಳ ನಡುವೆ ರಸ್ತೆ ದಾಟುತ್ತ ಅರ್ಧ ದಿನ ಕಳೆದ. ಕೊನೆಗೆ ನಲ್ಲಪ್ಪನೇ ತೀರ್ಮಾನ ಕೊಟ್ಟ.

"ನೆರಳಿಗೆ ಕೂತ್ಕಳಿ ಸಾಮಿ. ಮಜ್ಜಿಗೆ ನಮ್ಮನೆಯಿಂದ ಬತ್ತದೆ. ಈ ಬಿಸಿಲಾಗೆ ಟೀ ಕುಡುದ್ರೆ ಉಷ್ಣ."

ಹೀಗೆ ಸರ್ಕಾರ ನಲ್ಲಪ್ಪನ ಮರದ ಕೆಳಗೆ ಬಂದು ಕೂತಿತು.

ಹೊಂಗೇಕುಂಟೆ ಬೊಮ್ಮನಹಳ್ಳಿ ದಾಟಿ ಬೊಮ್ಮಸಂದ್ರದ ಕಡೆ ಹೋಗುವಾಗ ಸಿಗುವ ಊರು. ಊರು ರಸ್ತೆಯ ಒಂದು ಕಡೆ, ಹೊಲಗಳೂ ಕೆರೆಯೂ ಇನ್ನೊಂದು ಕಡೆ. ನಡುವೆ ಹೊಸೂರು ರಸ್ತೆಯನ್ನು ಅಡ್ಡ ಹಾಯುವ ಒಂದು ಗಾಡಿದಾರಿ. ರಸ್ತೆ ಬರುವುದಕ್ಕೆ ಮುಂಚೆಯೇ ಇದ್ದ ದಾರಿಯಾದ್ದರಿಂದ, ರಸ್ತೆಯೇ ತಮ್ಮ ದಾರಿಯನ್ನು ಅಡ್ಡ ಹಾಯುತ್ತದೆಂದು ಊರಿನವರ ಎಣಿಕೆ. ಆ ದಾರಿ ಸೇರುವ ಮೂಲೆಯಲ್ಲೇ ನಲ್ಲಪ್ಪನ ಮೂರು ಎಕರೆ. ರಾಗಿ, ಸಾಲಿನ ನಡುವೆ ಅವರೆ, ಒಂದು ಬಾವಿ. ಅದು ಬಿಟ್ಟರೆ ಅವನಿಗೆ ಒಂದು ಗಾಡಿ, ಒಂದು ಜೊತೆ ಎತ್ತು, ಮತ್ತು ಅವನಿಗಿಂತ ಬೇಗ ವಿಷಯ ಅರ್ಥ ಮಾಡಿಕೊಳ್ಳುವ ಹೆಂಡತಿ ಮುನಿಯಕ್ಕ.

ಸುಬ್ರಹ್ಮಣ್ಯ ಬಂದಿದ್ದು ದೂರದೃಷ್ಟಿ ಸಾರಿಗೆ ಘಟಕ ಎಂಬ ಕಚೇರಿಯಿಂದ. ಜಯನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಆ ಕಚೇರಿ ಇತ್ತು. ಕೆಳಗೆ ಈ ಹೊತ್ತಿನ ರಾಗಿ ಬೀಸುತ್ತಿದ್ದರು, ಮೇಲೆ ಎರಡು ಸಾವಿರದ ಒಂದನೇ ಇಸವಿಯ ರಸ್ತೆಗಳನ್ನು. ಹಿಟ್ಟು ಮಾತ್ರ ಎರಡೂ ಮಹಡಿಗೆ ಹಾರುತ್ತಿತ್ತು. ಸುಬ್ರಹ್ಮಣ್ಯನಿಗೆ ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ದೆಹಲಿಯಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಬಂದಿದ್ದ. ತರಬೇತಿಯಿಂದ ಬಂದವರಿಗೆ ಇರುವ ಹಸಿವು ಅವನಿಗೂ ಇತ್ತು, ಮಧ್ಯಾಹ್ನದ ಹಸಿವು ಬೇರೆ. ಮೊದಲ ದಿನವೇ ನಲ್ಲಪ್ಪ ಅವನನ್ನು ಊಟಕ್ಕೆ ಕರೆದ.

ಅವನು ಮುದ್ದೆಯನ್ನು ಅಗಿಯುತ್ತಿದ್ದುದನ್ನು ಮುನಿಯಕ್ಕ ಬಾಗಿಲ ಸಂದಿಯಿಂದ ಸ್ವಲ್ಪ ಹೊತ್ತು ನೋಡಿ ತಡೆಯಲಾರದೆ ಹೊರಗೆ ಬಂದಳು.

"ಅಗೀಬ್ಯಾಡ ಕಣಪ್ಪ. ಅದೇನು ಚಕ್ಲಿನಾ? ನುಂಗು."

"ಗಂಟ್ಲಲ್ಲಿ ಸಿಕ್ಕೊಂಡ್ರೆ ಏನಮ್ಮಾ ಮಾಡೋದು?"

"ಸಾರು ಯಾತುಕ್ಕೆ ಉಯ್ದಿರಾದು ಮತ್ತೆ?"

ಅವನು ನಕ್ಕ. ಅಮ್ಮಾ ಎಂದ ಎಂಬ ಒಂದೇ ಕಾರಣಕ್ಕೆ ಮಾರನೆಯ ದಿನ ಸಾರಿಗೆ ಹಿತುಕಿದವರೆ ಬಿತ್ತು.

ವಾರವಿಡೀ ನಡೆಯಬೇಕಾದ ವಾಹನ ಗಣತಿಗೆ ಅವನು ಜಾಗ ನೋಡಲು ಬಂದಿದ್ದ. ಆ ಊಟದ ಮೇಲೆಯೇ, ಎಲೆ ಅಡಿಕೆ ಮಡಚಿಕೊಳ್ಳುತ್ತ ಅವನು ವಿಷಯ ಹೇಳಿದ. ಹೊಸೂರು ರಸ್ತೆಯನ್ನು ಅಗಲ ಮಾಡುತ್ತಾರೆ. ನಡುವೆ ಉದ್ದಕ್ಕೂ ಕಟ್ಟೆ ಬರುತ್ತದೆ. ಹಳ್ಳಿಗೊಂದರಂತೆ ಇರುವ ಅಡ್ಡದಾರಿಗಳನ್ನೆಲ್ಲ ಮುಚ್ಚುತ್ತಾರೆ.

"ನಮ್ದೂವಾ?"

"ಅದಕ್ಕೇ ಈ ಗಣತಿ, ನಲ್ಲಪ್ಪನೋರೇ. ಓಡಾಟ ಕಮ್ಮಿ ಇದ್ರೆ ಮುಚ್ಬಿಡ್ತಾರೆ. ಜಾಸ್ತಿ ಬಂತು ಅನ್ಕೊಳ್ಳಿ, ಯಾವ ಅಪ್ಪನ ಕೈಲೂ ಮುಚ್ಚಕ್ಕಾಗಲ್ಲ. ಜಂಕ್ಷನ್ ಅಂತ ಆಗ್ಬಿಡತ್ತೆ."

"ನಮ್ಮೂರ್ನಾಗೆ ಎಲ್ಲವೆ ಸಾಮಿ ಕಾರು? ಇರಾದೆಲ್ಲ ಎತ್ತಿನ ಗಾಡಿ."

ಆಗ ಸುಬ್ರಹ್ಮಣ್ಯ, ದೆಹಲಿಯಲ್ಲಿ ಕಲಿತದ್ದನ್ನು ಹೇಳಲು ಒಬ್ಬ ಕೇಳುಗ ಸಿಕ್ಕ ಸಂತೋಷದಲ್ಲಿ, ಆ ಮಾತು ಆಡಿದ. ಲೆಕ್ಕದಲ್ಲಿ ಎಲ್ಲವನ್ನೂ ಕಾರಿಗೆ ತಿರುಗಿಸುತ್ತಾರೆ. ಸೈಕಲ್ಲು ಅರ್ಧ ಕಾರು. ಲಾರಿ ಮೂರು ಕಾರು. ಎತ್ತಿನ ಗಾಡಿ ನಿಧಾನ, ದಾರಿಗೆ ಅಡ್ಡ, ಹಿಂದೆ ಬರುವವರನ್ನೆಲ್ಲ ನಿಲ್ಲಿಸುತ್ತದೆ. ಆದ್ದರಿಂದ ಒಂದು ಗಾಡಿ ಎಂಟು ಕಾರಿಗೆ ಸಮ.

ನಲ್ಲಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. ಮಂತ್ರಿಗಳು ಒಂದೇ ಕಾರಿನಲ್ಲಿ ಓಡಾಡುವುದನ್ನು ಅವನು ಕಂಡಿದ್ದ. ಗಾಡಿ ಸರಿಯುವುದಿಲ್ಲವೆಂದು ಕಾರಿನವರು ಬೈದದ್ದನ್ನೂ ಕೇಳಿದ್ದ. ಸರ್ಕಾರದ ಪುಸ್ತಕದಲ್ಲಿ ಆ ಬೈಗುಳಕ್ಕೆ ಇಷ್ಟು ಬೆಲೆ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಒಂದೇ ಗಾಡಿ ಓಗಿ ಬಂದ್ರೆ?"

"ಹೋದಾಗ ಒಂದು, ಬಂದಾಗ ಒಂದು. ನಾವು ಎಣಿಸೋದು ಗಾಡೀನ. ಅದರ ಮುಖ ನೋಡ್ಕೊಂಡು ಕೂರಲ್ಲ," ಎಂದು ಸುಬ್ರಹ್ಮಣ್ಯ ಎದ್ದು ಸುಣ್ಣ ಹತ್ತಿದ ಕೈ ತೊಳೆದ.

ಹೊಂಗೇಕುಂಟೆಯ ಸುತ್ತ ಮುಯ್ಯಿ ಎಂಬ ಪದ್ಧತಿ ಇತ್ತು. ನಿನ್ನ ಹೊಲದ ಕೆಲಸಕ್ಕೆ ನನ್ನ ಆಳು, ಗಾಡಿ. ನಾಳೆ ನನ್ನ ಕೆಲಸಕ್ಕೆ ನಿನ್ನದು. ಕೇಳಿದವನಿಗೆ ಇಲ್ಲವೆನ್ನುವಂತಿಲ್ಲ, ಯಾಕೆ ಎಂದು ಕೇಳುವಂತೆಯೂ ಇಲ್ಲ. ನಲ್ಲಪ್ಪ ಗೊಬ್ಬರ ಹೊಡೆಯಲು ಕರೆಯುವಂತೆ ತನ್ನೂರಿನ, ಸುತ್ತಲ ಊರುಗಳ ಮನೆಮನೆಗೆ ಹೋಗಿ ಗಾಡಿ ಕರೆದ. ಗೊಬ್ಬರ ಎಲ್ಲಿ ಎಂದು ಕೇಳಿದವನು ಅವನ ಷಡ್ಡಕ ದೊಡ್ಡಮುನಿಯಪ್ಪ ಒಬ್ಬನೇ.

"ಗೊಬ್ಬರ ಇಲ್ಲ. ಬರೀ ಗಾಡಿ."

"ಬರೀ ಗಾಡಿ ತಗಂಡು ಎಲ್ಲಿಗೆ ಓಗಾದು?"

"ರೋಡಿನ್ ಆ ಕಡಿಕೆ. ಆಮ್ಯಾಕೆ ಈ ಕಡಿಕೆ."

"ಯಾತುಕ್ಕೆ?"

"ನಿನ್ ಗಾಡಿ ಎಂಟು ಕಾರು ಕಣ್ಲಾ."

ದೊಡ್ಡಮುನಿಯಪ್ಪ ಅವನ ಮುಖವನ್ನು ಎರಡು ಸಲ ನೋಡಿದ. "ಮುನಿಯಕ್ಕಂಗೆ ಗೊತ್ತಾ ನಿನಿಗಿಂಗಾಗಿರಾದು?" ಎಂದ. ಆದರೂ ಬಂದ. ಮುಯ್ಯಿ ಮುಯ್ಯಿಯೇ.

ಗಣತಿಯ ವಾರ ಹೊಂಗೇಕುಂಟೆ ಗೇಟು ಕರ್ನಾಟಕ ರಾಜ್ಯ ಹಿಂದೆಂದೂ ಕಾಣದಷ್ಟು ಓಡಾಟವನ್ನು ಕಂಡಿತು. ಗಾಡಿಗಳು ಊರಿನಿಂದ ಕೆರೆಯ ಏರಿಗೆ ಹೋದವು, ಏರಿಯ ಮೇಲೆ ತಿರುಗಿ ಊರಿಗೆ ಬಂದವು. ಏನನ್ನೂ ಹೇರಿಕೊಳ್ಳದೆ ಹೋದವು, ಏನನ್ನೂ ಇಳಿಸದೆ ಬಂದವು. ಬೊಮ್ಮಸಂದ್ರದ ಕಾರ್ಖಾನೆ ಬಸ್ಸುಗಳು ಸಾಲಾಗಿ ನಿಂತು ಶಿಫ್ಟಿನವರಿಗೆಲ್ಲ ಹಾಜರಿ ತಪ್ಪಿತು. ಒಬ್ಬ ಡ್ರೈವರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಏನ್ ಗುರೂ, ಯಾರ ಮದ್ವೆ ಇದು?" ಎಂದು ಕೇಳಿದ. "ನಿಂದೇ, ಇಳ್ಕಂಬಾ," ಎಂದ ದೊಡ್ಡಮುನಿಯಪ್ಪ. ಅವನಿಗೆ ಅಷ್ಟು ಹೊತ್ತಿಗೆ ಈ ಕೆಲಸ ಹಿಡಿಸಿಬಿಟ್ಟಿತ್ತು. ಎತ್ತುಗಳಿಗೆ ಮಾತ್ರ ಕೊನೆಯವರೆಗೂ ಇದರ ಅರ್ಥವಾಗಲಿಲ್ಲ.

ಮರದ ಕೆಳಗೆ ಎಣಿಕೆಯವರು ಗೀಟು ಎಳೆಯುತ್ತಿದ್ದರು. ಅವರಲ್ಲೊಬ್ಬ ಮೂರನೆಯ ದಿನ, "ಸಾರ್, ಈ ಬಿಳೀ ಎತ್ತು ಬೆಳಿಗ್ಗೆಯಿಂದ ಬರ್ತಾನೇ ಇದೆ," ಎಂದ. ಸುಬ್ರಹ್ಮಣ್ಯ ಕನ್ನಡಕ ಒರೆಸಿಕೊಳ್ಳುತ್ತ, "ಬಂತು ತಾನೆ? ಹಾಕು ಗೀಟು," ಎಂದ. ಅದನ್ನು ಕೇಳಿಸಿಕೊಂಡ ನಲ್ಲಪ್ಪನಿಗೆ ಕಣ್ಣು ತುಂಬಿ ಬಂತು. ಆ ಸಂಜೆ ಹೆಂಡತಿಗೆ ಹೇಳಿದ: "ನಮ್ಮನೆ ಉಪ್ಪಿನ್ ರುಣ ಇಟ್ಕಂಡವ್ನೆ ಕಣೇ."

ಮುನಿಯಕ್ಕ ಒಲೆ ಊದುತ್ತ ಕೇಳಿದಳು. "ನಮ್ಗೆ ಒಳ್ಳೇದು ಮಾಡೀರೆ ಅವ್ನಿಗೇನ್ ಸಿಗ್ತದೆ?"

"ನಿನ್ ತಲೆ. ಒಳ್ಳೆ ಮನುಸ ಅವ್ನು."

"ಅಂಗಾರೆ ಸರಿ," ಎಂದಳು ಅವಳು, ಸರಿಯಲ್ಲ ಎನ್ನುವ ಧಾಟಿಯಲ್ಲಿ.

ವರ್ಷ ತಿರುಗುವುದರೊಳಗೆ ಗೇಟಿನ ಟೀ ಅಂಗಡಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಅದರಲ್ಲಿ ದಾರಿಯ ಮಾತಿರಲಿಲ್ಲ, ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಜಮೀನಿನ ಸರ್ವೆ ನಂಬರುಗಳಿದ್ದವು. ಮೊದಲ ನಂಬರು ನಲ್ಲಪ್ಪನದು. ಏನೋ ತಪ್ಪಾಗಿದೆ, ಇಂಜಿನಿಯರಪ್ಪನಿಗೆ ಹೇಳಿದರೆ ಸರಿಮಾಡುತ್ತಾನೆ ಎಂದು ಅವನು ಒಂದು ಚೀಲ ಅವರೆಕಾಯಿ ಹೊತ್ತು, ದೊಡ್ಡಮುನಿಯಪ್ಪನನ್ನು ಜೊತೆಗೆ ಕರೆದುಕೊಂಡು ಜಯನಗರಕ್ಕೆ ಹೋಗಿ ಗಿರಣಿಯ ಮೆಟ್ಟಿಲು ಹತ್ತಿದ.

ಸುಬ್ರಹ್ಮಣ್ಯ ಎದ್ದು ನಿಂತು ಬರಮಾಡಿಕೊಂಡ. ಗೋಡೆಯ ಮೇಲಿನ ನಕ್ಷೆ ತೋರಿಸಿದ. ಎರಡು ದಪ್ಪ ಗೆರೆಗಳು ಒಂದನ್ನೊಂದು ದಾಟುತ್ತಿದ್ದವು. ನಾಲ್ಕು ಮೂಲೆಗೆ ನಾಲ್ಕು ದುಂಡನೆಯ ಎಸಳು.

"ರಂಗೋಲಿ ಇದ್ದಂಗದೆ," ಎಂದ ನಲ್ಲಪ್ಪ, ಮರ್ಯಾದೆಗೆ.

"ಕ್ಲೋವರ್ ಲೀಫ್ ಅಂತಾರೆ ಇದಕ್ಕೆ. ಒಂದು ರಸ್ತೆ ಮೇಲೆ, ಒಂದು ಕೆಳಗೆ. ಯಾರೂ ಯಾರಿಗೂ ನಿಲ್ಲೋ ಹಾಗಿಲ್ಲ. ಮುಂದೆ ರಿಂಗ್ ರೋಡು ನಿಮ್ಮ ಗಾಡಿದಾರಿ ಮೇಲೇ ಬರತ್ತೆ. ಇಡೀ ರಾಜ್ಯದಲ್ಲೇ ಮೊದಲನೇದು, ನಲ್ಲಪ್ಪನೋರೇ. ಹೊಂಗೇಕುಂಟೆ ಇಂಟರ್‌ಚೇಂಜ್ ಅಂತ ಊರಿನ ಹೆಸರೇ ಇಟ್ಟಿದ್ದೀನಿ."

"ನಮ್ ಒಲ ಎಲ್ಲಿ ಬಂತು ಇದ್ರಾಗೆ?"

ಸುಬ್ರಹ್ಮಣ್ಯ ಪೆನ್ಸಿಲ್ಲಿನಿಂದ ಒಂದು ಎಸಳನ್ನು ಮುಟ್ಟಿದ. ಉಳಿದ ಎಸಳುಗಳ ಕೆಳಗೆ ದೊಡ್ಡಮುನಿಯಪ್ಪನ ಗದ್ದೆ, ಕೆರೆಯ ಏರಿ, ಊರ ಮುಂದಿನ ಸಾಲುಮನೆಗಳು ಇದ್ದವು. ವಾರದ ಗಾಡಿಗಳನ್ನು ಎಂಟರಿಂದ ಗುಣಿಸಿ, ಅದನ್ನು ಇಪ್ಪತ್ತು ವರ್ಷ ಚಕ್ರಬಡ್ಡಿಯಂತೆ ಬೆಳೆಸಿ ಈ ಎಸಳುಗಳನ್ನು ಹೊರಡಿಸಿದ್ದರು. ಆ ವರದಿಯನ್ನು ನಂಬುವುದಾದರೆ, ಎರಡು ಸಾವಿರದ ಒಂದನೇ ಇಸವಿಯಲ್ಲಿ ಹೊಂಗೇಕುಂಟೆಯ ಎತ್ತುಗಳಿಗೆ ಇಡೀ ಜಿಲ್ಲೆಯ ಹುಲ್ಲು ಸಾಲುತ್ತಿರಲಿಲ್ಲ. ಮೇಲಿನವರು ಯಾರೂ ಹುಲ್ಲಿನ ವಿಷಯ ಕೇಳಿರಲಿಲ್ಲ.

"ಗಾಡಿ ತಿರುಗ್ತಿದ್ದಾಗ ನಿಮ್ಗೆ ಗೊತ್ತಿತ್ತಾ ಸಾಮಿ, ಇಂಗಾಯ್ತದೆ ಅಂತ?"

ಸುಬ್ರಹ್ಮಣ್ಯ ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. "ಡಿಸೈನ್ ದೆಹಲೀಲೇ ಮಾಡಿದ್ದೆ," ಎಂದ. "ಅದಕ್ಕೆ ತಕ್ಕ ಟ್ರಾಫಿಕ್ ಎಲ್ಲೂ ಸಿಕ್ಕಿರ್ಲಿಲ್ಲ."

ಗಿರಣಿಯ ಸದ್ದು ಕೆಳಗಿನಿಂದ ಬರುತ್ತಲೇ ಇತ್ತು. ದೊಡ್ಡಮುನಿಯಪ್ಪ ಮೊದಲು ನಕ್ಷೆಯನ್ನು, ಆಮೇಲೆ ತನ್ನ ಷಡ್ಡಕನನ್ನು ನೋಡಿದ.

"ಆ ಲೆಕ್ಕ ಸುಳ್ಳು ಅಂತ ಬರೀರಿ," ಎಂದ ನಲ್ಲಪ್ಪ. "ಅವೇ ಗಾಡಿ ತಿರ್ತಿರುಗಿ ಬಂದ್ವು ಅಂತ ಬರೀರಿ. ದಾರಿ ಮುಚ್ಚೀರೆ ಮುಚ್ಲಿ. ಬಳಸ್ಕಂಡು ಓಗ್ತೀವಿ. ಒಲ ಓದ್ರೆ ದಾರಿ ಯಾತುಕ್ಕೆ?"

"ನಾನು ಹೇಗೆ ಬರೀಲಿ? ಸರ್ಕಾರಕ್ಕೆ ಮೋಸ ಮಾಡಿದೋರು ನೀವು. ಬೇಕಾದ್ರೆ ನೀವೇ ಅರ್ಜಿ ಕೊಡಿ, ಯಾರ್ಯಾರ ಗಾಡಿ ಸುತ್ತು ಹೊಡೀತು ಅಂತ ಹೆಸರು ಹಾಕಿ. ಕೇಸಾದ್ರೆ ನನ್ನ ಕೇಳ್ಬೇಡಿ." ಅವನ ದನಿಯಲ್ಲಿ ಕೋಪವಿರಲಿಲ್ಲ, ಬುದ್ಧಿ ಹೇಳುವ ನಿಜವಾದ ಕಾಳಜಿಯೇ ಇತ್ತು.

ಅವರೆಕಾಯಿ ಚೀಲ ಅಲ್ಲೇ ಉಳಿಯಿತು. ವಾಪಸು ಹೊತ್ತು ತರುವುದು ನಲ್ಲಪ್ಪನಿಗೆ ತೋಚಲಿಲ್ಲ.

ಊರಿನಲ್ಲಿ ಸುದ್ದಿ ಹರಡಲು ದೊಡ್ಡಮುನಿಯಪ್ಪನ ಒಂದು ಬಾಯಿ ಸಾಕಾಯಿತು. ಅರಳಿಕಟ್ಟೆಯ ಮೇಲೆ ಕೂತವರು ನಲ್ಲಪ್ಪನನ್ನು ನಿಲ್ಲಿಸಿಕೊಂಡು ಕೇಳಿದರು.

"ಎಷ್ಟು ಕೊಟ್ಟ ನಿನಿಗೆ, ಆ ಇಂಜಿನೇರು?"

"ಕಾಸ್ ಮುಟ್ಟಿದ್ರೆ ನನ್ ಕೈ ಸೇದೋಗ."

"ನಮ್ ಗಾಡಿಯಿಂದ ನಮ್ ಮನೇನೇ ಕೆಡುವಿಸ್ದೆ. ನೀನೇ ಕರುದೆ, ನೀನೇ ಬರ್ಕೊಡು," ಎಂದ ದೊಡ್ಡಮುನಿಯಪ್ಪ. "ನಮ್ ಯಾರ ಎಸ್ರೂ ಅದ್ರಾಗೆ ಬರ್ಬಾರ್ದು."

ಮುಯ್ಯಿಗೆ ಬಂದವರ ಹೆಸರನ್ನು ಕೋರ್ಟು ಕಚೇರಿಗೆ ಎಳೆಯುವುದು ನಲ್ಲಪ್ಪನಿಗೂ ಸಾಧ್ಯವಿರಲಿಲ್ಲ. ಆ ವಾರದ ಗಾಡಿಗಳೆಲ್ಲ ತನ್ನ ಒಂದೇ ಗಾಡಿ, ಹೊಡೆದವನು ತಾನೊಬ್ಬನೇ ಎಂದು ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದ.

ವಿಚಾರಣೆ ಊರಿನ ಸ್ಕೂಲಿನಲ್ಲಿ ನಡೆಯಿತು. ಭೂಸ್ವಾಧೀನದ ಅಧಿಕಾರಿ ಲೆಕ್ಕದಲ್ಲಿ ಚುರುಕಾದ, ಸಮಾಧಾನದ ಮನುಷ್ಯ. ಅರ್ಜಿ ಓದಿ, ಅಂಚಿನಲ್ಲಿ ಏನೋ ಭಾಗಿಸಿ ನೋಡಿದ.

"ನೀವು ಹೇಳೋದು ನಿಜ ಆಗ್ಬೇಕಾದ್ರೆ, ನಿಮ್ಮ ಎತ್ತು ಮದ್ರಾಸ್ ಮೇಲ್ ರೈಲಿಗಿಂತ ಜೋರಾಗಿ ಓಡಿರ್ಬೇಕಲ್ಲಪ್ಪ."

ಕಿಟಕಿಯ ಹೊರಗೆ ನಿಂತಿದ್ದ ಗಾಡಿಯವರಲ್ಲಿ ಇಬ್ಬರು ನಕ್ಕರು. ಒಳಗೆ ಬಂದು ಬೇರೆ ಮಾತು ಹೇಳಿದವರು ಯಾರೂ ಇಲ್ಲ.

"ಇಂಜಿನಿಯರ್ ಸಾಹೇಬ್ರು ಎಲ್ಲಾ ನೋಡವ್ರೆ ಬುದ್ಧಿ. ಕೇಳಿ ಅವ್ರನ್ನ. ನಮ್ಮನ್ಯಾಗೇ ಉಂಡವ್ರೆ."

ಪಕ್ಕದ ಮೇಜಿನಲ್ಲಿ ಸುಬ್ರಹ್ಮಣ್ಯ ನಕ್ಷೆಗಳನ್ನು ಸುರುಳಿ ಸುತ್ತುತ್ತಿದ್ದ. ಆ ತಿಂಗಳು ಅವನ ಬಡ್ತಿಯ ಕಾಗದ ಹೊರಟಿತ್ತು. ಅಧಿಕಾರಿ ಅವನ ಕಡೆ ತಿರುಗಿದ.

"ಪರಿಚಯ ಇದೆಯೇನ್ರೀ ಇವರದು?"

"ಸೈಟಲ್ಲಿ ಎಷ್ಟೋ ಜನ ಬಂದು ಮಾತಾಡಿಸ್ತಾರೆ ಸಾರ್. ಇವರೂ ಬಂದಿರಬಹುದು. ನೆನಪಿಲ್ಲ."

ಸುರುಳಿಗೆ ರಬ್ಬರ್ ಬ್ಯಾಂಡು ಹಾಕಿದ. ಅಧಿಕಾರಿ ಮತ್ತೆ ನಲ್ಲಪ್ಪನನ್ನು ಕೇಳಿದ. "ನೀವು ಹೇಳಿದ್ದು ಇವರನ್ನೇ ತಾನೆ?"

ನಲ್ಲಪ್ಪ ಆ ಕನ್ನಡಕದ ಮುಖವನ್ನು ಸಾಕಷ್ಟು ಹೊತ್ತು ನೋಡಿದ.

"ಅಲ್ಲ ಬುದ್ಧಿ," ಎಂದ. "ನಮ್ಮನೆಗೆ ಬರ್ತಿದ್ದೋರು ಬ್ಯಾರೆ."

ಅರ್ಜಿ ವಜಾ ಆಯಿತು. ಮುಂದಿನ ಬೇಸಿಗೆಯಲ್ಲಿ ರಸ್ತೆಯ ನಡುವೆ ಕಟ್ಟೆ ಬಂತು, ಗಾಡಿದಾರಿ ಮುಚ್ಚಿತು. ಇಂಟರ್‌ಚೇಂಜಿನ ಸೇತುವೆಯ ಹಣ ಮುಂದಿನ ಪಂಚವಾರ್ಷಿಕ ಯೋಜನೆಗೆ ಹೋಯಿತು. ಮೂರು ಎಕರೆಯ ಸುತ್ತ ಸರ್ಕಾರ ಮುಳ್ಳುತಂತಿ ಹಾಕಿಸಿತು.