ಬೋರಲು ಮಲಗಿಸಿದ ಗೋಡೆ

ತೆರೆಯ ಮರೆಯಲ್ಲಿ ನಿಂತಿದ್ದ ಮೊಳೆ ಅದನ್ನು ಗಮನಿಸಿದ್ದು ಆಗಲೇ. ಬಾಗಿಲಿನ ಬಿಜಾಗರಿ ಮನೆಯ ಕಡೆಗೆ ಇರಬೇಕಿತ್ತು. ಇರಲಿಲ್ಲ.

ಸದಾ ಬಾಯಲ್ಲಿ ಮೊಳೆ ಕಚ್ಚಿಕೊಂಡು ಓಡಾಡುತ್ತಿದ್ದುದರಿಂದ ಶಾಲೆಯ ನಾಟಕ ತಂಡದಲ್ಲಿ ಅವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಕಳೆದ ನಾಟಕದಲ್ಲಿ ರಾಜ ಸಾಯುವ ಮೊದಲೇ ಪರದೆ ಎಳೆದಿದ್ದಳು. “ಇನ್ನೊಂದು ಸಲ ಹೀಗಾದ್ರೆ ಎದುರುಗಡೆ ಕೂತು ಚಪ್ಪಾಳೆ ಹೊಡಿ, ಅಷ್ಟೇ ನಿನ್ನ ಕೆಲಸ” ಎಂದಿದ್ದರು ನಾಟಕದ ಮೇಷ್ಟ್ರು. ಆಮೇಲೆ ಬೇಡಿ ಕಾಡಿ ಗೋಡೆ ಕಟ್ಟುವ ಕೆಲಸ ಪಡೆದಿದ್ದಳು.

ಈ ಸಲ ವೇದಿಕೆಯ ನಡುವೆ ಒಂದೇ ಗೋಡೆ. ಎಡಕ್ಕೆ ಬೀದಿ, ಬಲಕ್ಕೆ ಮನೆ. ಹೊರಗೆ ಹಾಕಲ್ಪಟ್ಟ ಮಗಳು ಮರಳಿ ಬಂದು, ಒಳಗೆ ಅಲುಗಾಡದೆ ಕುಳಿತ ಅಪ್ಪನನ್ನು ಕರೆದು ಕರೆದು ಸಾಕಾಗಿ, ಕೊನೆಗೆ ಎರಡೂ ಕೈಯಿಂದ ಬಾಗಿಲು ನೂಕಿ ಒಳನುಗ್ಗಬೇಕು. ಆ ಮಗಳು ಮೊಳೆಯ ಸ್ವಂತ ಅಕ್ಕ. ಇಷ್ಟು ದಿನ ತರಗತಿಯ ನೆಲದಲ್ಲಿ ಸೀಮೆಸುಣ್ಣದ ಗೆರೆಯೇ ಬಾಗಿಲಾಗಿತ್ತು. ಅಕ್ಕ ಗಾಳಿಯನ್ನೇ ನೂಕಿ ನೂಕಿ ಕೈ ಪಳಗಿಸಿಕೊಂಡಿದ್ದಳು. ನಿಜವಾದ ಬಾಗಿಲನ್ನು ಮೊಳೆ ಕೂರಿಸಿದ್ದು ಇವತ್ತು, ಗೋಡೆಯನ್ನು ನೆಲಕ್ಕೆ ಬೋರಲು ಮಲಗಿಸಿಕೊಂಡು. ಬೋರಲಾದಾಗ ಒಳಗು ಯಾವುದು, ಹೊರಗು ಯಾವುದು ಎಂಬುದೇ ಅದಲುಬದಲಾಗಿತ್ತು. “ಬಣ್ಣ ಹಸಿ ಇದೆ, ಯಾರೂ ಮುಟ್ಬೇಡಿ!” ಎಂದು ಎಲ್ಲರನ್ನೂ ಗದರಿದವಳೂ ಅವಳೇ; ಹಾಗಾಗಿ ಯಾರೂ ಬಾಗಿಲು ತೆರೆದು ನೋಡಿರಲಿಲ್ಲ.

ಈಗ ಆ ಬಾಗಿಲು ತೆರೆಯುವುದು ಬೀದಿಯ ಕಡೆಗೆ. ಅಕ್ಕ ನೂಕಿದರೆ ಬಾಗಿಲು ತೆರೆಯುವುದಿಲ್ಲ, ಎರಡೇ ಆಸರೆ ಕೋಲುಗಳ ಮೇಲೆ ನಿಂತ ಗೋಡೆಯೇ ಒಳಕ್ಕೆ ಮಗುಚುತ್ತದೆ. ಅದು ಬೀಳುವ ಕಡೆ ಕುಳಿತಿರುವವನು ಅಪ್ಪನ ಪಾತ್ರದ ಅಜ್ಜಪ್ಪ. ಹತ್ತನೆಯ ತರಗತಿಗೇ ಮುದುಕನ ಹಾಗೆ ಮಾತಾಡಿ ಆ ಹೆಸರು ಗಿಟ್ಟಿಸಿದವನು.

ಬೀದಿಯಲ್ಲಿ ಅಕ್ಕನ ಕೊನೆಯ ಮಾತು ಆರಂಭವಾಗಿತ್ತು. ಅಲ್ಲಿಗೆ ಹೋಗುವಂತಿಲ್ಲ, ಕೂಗುವಂತಿಲ್ಲ. ಮೊಳೆ ಮಂಡಿಯೂರಿ, ಮನೆಯ ಬದಿಯ ತೆರೆಯಂಚಿಗೆ ಬಾಯಿಟ್ಟಳು.

“ಅಜ್ಜಪ್ಪ, ಎದ್ದು ಬಾಗಿಲು ತೆಗಿ.”

ಅವನು ತುಟಿ ಅಲುಗಿಸದೆ ಗೊಣಗಿದ. “ತಲೆ ಕೆಟ್ಟಿದ್ಯಾ? ನಾನು ಏಳೋ ಹಾಗೇ ಇಲ್ಲ.”

“ಬಾಗಿಲು ತಿರುಗುಮುರುಗಾಗಿದೆ ಕಣೋ. ಅವಳು ನೂಕಿದ್ರೆ ಗೋಡೆ ನಿನ್ನ ಮೇಲೇ.”

“ಸರ್ ಕೊಂದೇ ಹಾಕ್ತಾರೆ.”

“ಗೋಡೆ ಬಿದ್ರೆ ಅವರಿಗೆ ಆ ಕೆಲಸಾನೂ ಉಳಿಯಲ್ಲ. ಹೊರಕ್ಕೆ ತಳ್ಳು, ಮೆಲ್ಲಗೆ. ನಿನ್ನ ದಮ್ಮಯ್ಯ!”

ಅಜ್ಜಪ್ಪ ಕಲ್ಲಿನಂತೆ ಕುಳಿತೇ ಇದ್ದ. “ಇನ್ನು ಕರೆಯಲ್ಲ ಅಪ್ಪ” ಎಂದಳು ಅಕ್ಕ. ಅದೇ ಕೊನೆಯ ಸಾಲು. ಅವಳ ಅಂಗೈ ಹಲಗೆಗೆ ತಾಗಿದ ಸದ್ದು ಬಂತು. ಗೋಡೆಗೆ ಹೊದಿಸಿದ ಬಟ್ಟೆ ಒಮ್ಮೆ ನಡುಗಿತು. ಮೊಳೆ ಗೋಡೆಗೆ ಹೆಗಲು ಕೊಡಲು ಇನ್ನೇನು ಹಾರಬೇಕು, ಅಷ್ಟರಲ್ಲಿ ಕುರ್ಚಿ ಕಿರುಗುಟ್ಟಿತು.

ಅಜ್ಜಪ್ಪ ಎದ್ದಿದ್ದ. ಕಾಲೆಳೆಯುತ್ತ ಬಂದು, ಬಾಗಿಲಿಗೆ ಕೈಯಿಟ್ಟು ಕೆಮ್ಮಿದ. ಆ ಕೆಮ್ಮು ಕೇಳಿ ಅಕ್ಕನ ಕೈ ಹಿಂದೆ ಸರಿಯಿತು. ಬಾಗಿಲು ಹೊರಕ್ಕೆ ತೆರೆಯಿತು.

ಇಬ್ಬರೂ ಎದುರುಬದುರು ನಿಂತರು. ಮುಂದಕ್ಕೆ ನಾಟಕದಲ್ಲಿ ಬರೆದ ಮಾತೇ ಇರಲಿಲ್ಲ.

“ನೀವೇ ಎದ್ರಾ ಅಪ್ಪ?” ಎಂದಳು ಅಕ್ಕ, ತೀರ ಮೆಲ್ಲಗೆ. ಅಜ್ಜಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಒಳಗೆ ಬಂದಳು. ಪರದೆ ಇಳಿಯಿತು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಮೇಷ್ಟ್ರು ಬಿರುಗಾಳಿಯಂತೆ ಬಂದರು. “ಇವನನ್ನ ಯಾರು ಏಳ್ಸಿದ್ದು?”

“ನಾನು ಸರ್. ಬಾಗಿಲು ಉಲ್ಟಾ ಕೂರಿಸಿಬಿಟ್ಟೆ. ತಪ್ಪು ನಂದೇ” ಎಂದಳು ಮೊಳೆ. ಅಕ್ಕ ಬಂದು ಅವಳ ಪಕ್ಕ ನಿಂತಳು.

ಮೇಷ್ಟ್ರು ನಂಬದವರಂತೆ ಬೀದಿಯ ಕಡೆಗೆ ಹೋಗಿ ಬಾಗಿಲು ಮುಚ್ಚಿ ನೂಕಿದರು. ಗೋಡೆ ಇಡಿಯಾಗಿ ಒಳಕ್ಕೆ ವಾಲತೊಡಗಿತು. ಓಡಿ ಈಚೆ ಬಂದು ಎರಡೂ ಕೈಯಲ್ಲಿ ತಡೆದರು. ಗೋಡೆ ಹಿಡಿದುಕೊಂಡೇ, ಖಾಲಿ ಕುರ್ಚಿಯನ್ನು ನೋಡುತ್ತ ನಿಂತರು.

ಮೊಳೆ ಕಣ್ಣು ತಗ್ಗಿಸಿ ಕಾದಳು. ಇನ್ನು ಆ ಮಾತು ಬರುತ್ತದೆ, ಎದುರುಗಡೆ ಕೂತ್ಕೋ ಎಂದು.

“ನಾಳೆ ಇನ್ನೊಂದು ಪ್ರದರ್ಶನ ಇದೆ” ಎಂದರು ಮೇಷ್ಟ್ರು. “ಸ್ಕ್ರೂಡ್ರೈವರ್ ಎಲ್ಲಿ? ಬೇಗ ತಗೊಂಡ್ ಬಾರಮ್ಮ, ನನ್ನ ಕೈ ಸೋಲ್ತಿದೆ.”