ತುಂಗಾಬಾಯಿಯ ಸೆರಗಿನಲ್ಲಿ ಒಂದು ದಿನ

ನಾನು ಒಂದು ಪುಟ್ಟ ಮೈಕು. ಅವರೆಕಾಳಿಗಿಂತ ಚಿಕ್ಕದು. ಬಾಲದಂತೆ ಒಂದು ಕಪ್ಪು ವಯರು, ತಲೆಗೆ ಸ್ಪಂಜಿನ ಟೋಪಿ, ಬಟ್ಟೆಯನ್ನು ಕಚ್ಚಿಕೊಳ್ಳಲು ಒಂದು ಕ್ಲಿಪ್ಪು. ಹುಟ್ಟಿದ್ದು ದೂರದ ಕಾರ್ಖಾನೆಯೊಂದರಲ್ಲಿ. ಬಿಳಿ ಗವಸು ತೊಟ್ಟ ಹೆಂಗಸೊಬ್ಬಳು ನನ್ನನ್ನು ಬಾಯಿಯ ಹತ್ತಿರ ಹಿಡಿದು ಒಂದು, ಎರಡು, ಮೂರು ಎಂದಳು. ಅವಳಿಗೆ ನೆಗಡಿಯಾಗಿತ್ತು. ನಾನು ಕೇಳಿದ ಮೊದಲ ದನಿ ಅದು.

ಮೊದಲು ನನ್ನನ್ನು ಕೊಂಡವನು ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಎರಡು ವರ್ಷ ಮದುಮಗಂದಿರ ಕೋಟಿನ ಮೇಲೆ ಕುಳಿತು ಹಾರ ಉಜ್ಜುವ ಸದ್ದನ್ನೇ ಕೇಳಿದೆ. ಆಮೇಲೆ ಮೈಸೂರಿನ ದಿವಾಕರನ ಕೈಗೆ ಬಂದೆ. ಅವನು ಸಂಗೀತಗಾರರ ಮೇಲೆ ಸಾಕ್ಷ್ಯಚಿತ್ರ ಮಾಡುವವನು. ಅವನ ಚಿತ್ರಗಳಿಗೆ ಧ್ವನಿ ಹಿಡಿಯುವವಳು ಮಂದಾಕಿನಿ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕಣ್ಣು ಅರೆಮುಚ್ಚಿ ಕೂರುತ್ತಿದ್ದಳು. ಹೆಸರಿಗೆ ನಾನು ದಿವಾಕರನದಾದರೂ ನನ್ನನ್ನು ಒರೆಸಿ ಡಬ್ಬಿಯಲ್ಲಿಡುತ್ತಿದ್ದುದು ಅವಳೇ.

ಅವರ ಜೊತೆ ಹನ್ನೊಂದು ಸಾಕ್ಷ್ಯಚಿತ್ರಗಳಲ್ಲಿ ದುಡಿದೆ. ಮೃದಂಗದ ವಿದ್ವಾಂಸರೊಬ್ಬರ ಹೊಟ್ಟೆ ತಾಳಕ್ಕೆ ಸರಿಯಾಗಿ ಗುಡುಗುಡು ಎನ್ನುತ್ತಿತ್ತು. ನಾಗಸ್ವರದ ಮುದುಕರೊಬ್ಬರು ಊದುವ ಮೊದಲು ಮಗುವಿನಂತೆ ಉಸಿರೆಳೆಯುತ್ತಿದ್ದರು. ನೋಡುವವರಿಗೆ ಮುಖ ಕಾಣುತ್ತದೆ, ಹಾಡು ಕೇಳುತ್ತದೆ. ನನ್ನ ಜಾಗ ಎದೆಯ ಮೇಲೆ. ನನಗೆ ಬೇರೆಯದೇ ಕೇಳಿಸುತ್ತದೆ. ಆ ಹನ್ನೊಂದರಲ್ಲಿ ನನಗೆ ಬಲು ಇಷ್ಟವಾದದ್ದು ಗದಗಿನ ತುಂಗಾಬಾಯಿಯ ಚಿತ್ರ.

ತುಂಗಾಬಾಯಿಗೆ ಎಪ್ಪತ್ತಮೂರು ವರ್ಷ. ಗಂಡ ನರಸಿಂಗರಾಯರು ಹಾರ್ಮೋನಿಯಂ ಮಾಸ್ತರರಾಗಿದ್ದರು. ಒಂದು ಕಾಲಕ್ಕೆ ಆಕೆಯ ಹಾಡು ಕೇಳಲೆಂದೇ ಜನ ಅವರ ಮನೆ ಹುಡುಕಿಕೊಂಡು ಬರುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಆಕೆ ಒಂದು ಸ್ವರವನ್ನೂ ಎತ್ತಿರಲಿಲ್ಲ. ಪತಿಯ ಜೊತೆಗೇ ದನಿಯನ್ನೂ ಬಿಟ್ಟುಕೊಟ್ಟ ಸಾಧ್ವಿ ಎಂದು ಊರಿನ ಸಂಗೀತ ಸಂಘ ವರ್ಷಕ್ಕೊಮ್ಮೆ, ರಾಯರ ಪುಣ್ಯತಿಥಿಯಂದು, ಶಾಲು ಹೊದಿಸುತ್ತಿತ್ತು. ದಿವಾಕರ ಚಿತ್ರ ಮಾಡಲು ಬಂದದ್ದು ಈ ಮೌನದ ಮೇಲೇ.

ಹೆಂಗಸರ ಸೀರೆಗೆ ನನ್ನನ್ನು ಸಿಕ್ಕಿಸುವ ಕೆಲಸ ಮಂದಾಕಿನಿಯದು. ತುಂಗಾಬಾಯಿ ಮೈ ಹಿಡಿಮಾಡಿಕೊಂಡು ನಿಂತರು.

"ಒಮ್ಮೆ ಹಚ್ಚಿದ್ರ ಸಂಜೀತನಕ ತಗೀಬ್ಯಾಡವಾ. ಘಳಿಗಿಗೊಮ್ಮೆ ಯಾರರೆ ಎದಿಗೆ ಕೈ ಹಾಕಿದ್ರ ನಂಗ ಕಸಿವಿಸಿ ಆಗ್ತದ."

ಮಂದಾಕಿನಿ ಒಪ್ಪಿದಳು. ಆ ದಿನದ ತಪ್ಪಿಗೆ ಮೂಲ ಅದೇ.

ಬೆಳಗಿನ ಮಾತುಕತೆ ಮುಗಿಯಿತು. ಚಿತ್ರ ಮಾಡುವವರಲ್ಲಿ ಒಂದು ರೂಢಿಯಿದೆ. ಮಾತಾಡಿದ ಕೋಣೆಯ ಮೌನವನ್ನೂ ಒಂದು ನಿಮಿಷ ಹಿಡಿದಿಡುತ್ತಾರೆ. ಆಮೇಲೆ ಮಾತುಗಳನ್ನು ಹೊಲಿಯುವಾಗ ನಡುವಿನ ಸಂದಿಗೆ ಅದು ಬೇಕು. ಎಲ್ಲರೂ ಉಸಿರು ಬಿಗಿಹಿಡಿದು ಕುಳಿತರು. ತನ್ನ ಕೆಮ್ಮು ಎಲ್ಲಿ ಅಡ್ಡ ಬರುತ್ತದೋ ಎಂದು ತುಂಗಾಬಾಯಿ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದರು. ಆಕೆಯ ಸೆರಗಿನಲ್ಲಿ ನಾನೂ, ನಾನು ಕೇಳಿದ್ದನ್ನು ಗಾಳಿಯಲ್ಲೇ ಮಂದಾಕಿನಿಯ ರೆಕಾರ್ಡಿಂಗ್ ಯಂತ್ರಕ್ಕೆ ಕಳಿಸುವ ಸೊಂಟದ ಡಬ್ಬಿಯೂ ಹೋದೆವು. ಕೋಣೆಗೆಂದು ಬೇರೆ ಮೈಕು ಇತ್ತು. ನನ್ನನ್ನು ಮಾತ್ರ ಯಾರೂ ಆಫ್ ಮಾಡಿರಲಿಲ್ಲ.

ಅಡುಗೆಮನೆಯಲ್ಲಿ ತಂಗಿ ಯಮುನಾಬಾಯಿ ಜೋಳದ ಭಕ್ಕರಿ ತಟ್ಟುತ್ತಿದ್ದರು.

"ಏನಕ್ಕಾ, ವ್ರತದ ಕಥಿ ಹೇಳಿದ್ಯಾ?"

"ಇನ್ನೂ ಇಲ್ಲ. ಊಟದ ಮ್ಯಾಲೆ ಕೇಳ್ತಾರಂತ." ತುಂಗಾಬಾಯಿಯ ದನಿ ತಗ್ಗಿತು. "ಯಾವ ವ್ರತ ಯಮುನಾ? ಜ್ವರ ಬರ್ಲಿ, ಬಾಣಂತಿ ಇರ್ಲಿ, ಕೈಯಾಗ ಹಿಟ್ಟ ಇರ್ಲಿ, ಮಂದಿ ಬಂದ್ರಂದ್ರ ಮನಿಯವರದು ಒಂದ ಮಾತು, 'ತುಂಗಾ, ಬಾ, ಹಾಡು.' ಅವರು ಹೋದಾಗ ಅತ್ತೇನಿ, ಸುಳ್ಳಲ್ಲ. ಆದ್ರ ಹದಿಮೂರನೇ ದಿನ ಎಲ್ಲಾರೂ ಊರಿಗೆ ಹೋದ ಮ್ಯಾಲೆ ಮನಿ ಸುಮ್ಮನಾತು ನೋಡು. ಇನ್ನ ಯಾರೂ ಕರಿಯೂದಿಲ್ಲ ಅನಿಸ್ತು. ನಿರುಂಬಳಾತು. ಇದನ್ನ ಯಾರ ಮುಂದ ಹೇಳ್ಲಿ? ಮಂದಿ ಏನಂದಾರು?"

ಆ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತು ಎಂದರೆ ಮಾತು ಮಸುಕಾಯಿತು.

ನಡುಮನೆಯಲ್ಲಿ ಹೆಡ್‌ಫೋನಿನೊಳಗೆ ಮಂದಾಕಿನಿ ಎಲ್ಲವನ್ನೂ ಕೇಳಿದಳು. ದಿವಾಕರ ಹುಬ್ಬು ಹಾರಿಸಿ ಏನೆಂದು ಕೇಳಿದನಂತೆ. ಅವಳು ಏನೂ ಇಲ್ಲವೆಂದು ಕೈಯಾಡಿಸಿ, ಯಂತ್ರವನ್ನು ಎತ್ತಿಕೊಂಡು ನೇರ ಅಡುಗೆಮನೆಗೆ ಬಂದಳು.

"ಅಮ್ಮ, ನನ್ನಿಂದ ತಪ್ಪಾಯ್ತು. ಮೈಕು ಆಫ್ ಮಾಡಿರಲಿಲ್ಲ. ನೀವು ಹೇಳಿದ್ದು ನನಗೆ ಕೇಳಿಸಿತು. ಇದರಲ್ಲೂ ಇದೆ."

ಯಮುನಾಬಾಯಿ ಹಿಟ್ಟಿನ ಕೈಯಲ್ಲೇ ಬಗ್ಗಿ ನನ್ನನ್ನು ನೋಡಿದರು. "ಅಯ್ಯ, ಹಲ್ಲಿ ಹಂಗ ಸುಮ್ಮನ ಕೂತು ಎಲ್ಲಾ ಕೇಳ್ಯದಲ್ಲಾ ಇದು."

ತುಂಗಾಬಾಯಿ ಗೋಡೆ ಹಿಡಿದು ಮಣೆಯ ಮೇಲೆ ಕುಳಿತರು. "ಮತ್ತ್ಯಾರು ಕೇಳ್ಯಾರ?"

"ನಾನೊಬ್ಬಳೇ."

"ಅವಗ ಹೇಳಿಯೇನು?"

"ಇಲ್ಲಮ್ಮ. ಹೇಳೋದೂ ಇಲ್ಲ. ನೀವು ಅಂದರೆ ಇಲ್ಲೇ, ನಿಮ್ಮೆದುರಿಗೇ ಅಳಿಸ್ತೀನಿ."

ಮಂದಾಕಿನಿಗೆ ಚಿತ್ರ ಗೊತ್ತು. ಈ ಒಂದು ನಿಮಿಷ ಚಿತ್ರಕ್ಕೆ ಎಷ್ಟು ಬೆಲೆಯದು ಎನ್ನುವುದೂ ಗೊತ್ತಿತ್ತು. ಆದರೂ ಬೆರಳನ್ನು ಗುಂಡಿಯ ಮೇಲಿಟ್ಟು ಕಾದಳು.

"ಅಳಸು," ಎಂದರು ತುಂಗಾಬಾಯಿ.

ಅವಳು ಅಳಿಸಿದಳು. ಹೆಡ್‌ಫೋನನ್ನು ಆಕೆಯ ಕಿವಿಗೆ ಇಟ್ಟು, ಏನೂ ಇಲ್ಲವೆಂದು ಕೇಳಿಸಿದಳು. ತುಂಗಾಬಾಯಿ ಆ ಏನೂ ಇಲ್ಲದ್ದನ್ನು ಬಹಳ ಹೊತ್ತು ಕೇಳಿದರು. ಎದೆಯ ಬಡಿತ ಮೆಲ್ಲಗೆ ದಾರಿಗೆ ಬಂತು. ಆಮೇಲೆ ಎಲ್ಲರ ಜೊತೆ ಕುಳಿತು ಎರಡು ಭಕ್ಕರಿ ಉಂಡರು. ದಿನಾ ಒಂದೇ ಭಕ್ಕರಿಗೆ ಏಳುವ ಅಕ್ಕನನ್ನು ಕಂಡು ತಂಗಿಗೇ ಆಶ್ಚರ್ಯವಾಯಿತು.

ಮಧ್ಯಾಹ್ನ ದಿವಾಕರ ಕ್ಯಾಮೆರಾದ ಹಿಂದೆ ಕುಳಿತು, ದನಿಯನ್ನು ಮೆತ್ತಗೆ ಮಾಡಿಕೊಂಡು ಕೇಳಿದ. "ಅಮ್ಮ, ಈಗ ನಿಮ್ಮ ಮೌನವ್ರತದ ಬಗ್ಗೆ ಹೇಳಿ."

ಎದೆ ಒಮ್ಮೆ ಜೋರಾಗಿ ಬಡಿಯಿತು. ಊರು ಒಪ್ಪಿಕೊಂಡಿದ್ದ ಕಥೆ ಬಾಯಿಪಾಠವಾಗಿತ್ತು. ಹೇಳಿದ್ದರೆ ಎಲ್ಲವೂ ಇದ್ದಂತೆಯೇ ಇರುತ್ತಿತ್ತು. ಆಕೆ ನನ್ನ ಕಡೆ ಬಗ್ಗಿ ನೋಡಿದರು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಈ ಸಲ ಆಕೆಗೆ ಗೊತ್ತಿತ್ತು.

"ವ್ರತ ಅಂತ ನಾ ಯಾರಿಗೂ ಹೇಳಿಲ್ಲಪಾ. ಮಂದಿ ಅಂದ್ರು, ನಾ ಸುಮ್ಮನಿದ್ದೆ. ಸುಮ್ಮನಿದ್ದದ್ದು ನನ್ನ ತಪ್ಪು. ಮೂವತ್ತೊಂದು ವರ್ಷ ಹಾಡು ಅಂದಾಗೆಲ್ಲಾ ಹಾಡಿದೆ. ಆಮ್ಯಾಲೆ ಹಾಡು ಅನ್ನವರು ಯಾರೂ ಉಳೀಲಿಲ್ಲ. ನಂಗ ಆರಾಮಾತು. ಅಷ್ಟ."

ದಿವಾಕರ ಮುಂದಿನ ಪ್ರಶ್ನೆ ಬರೆದುಕೊಂಡಿದ್ದ ಕಾಗದವನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಬರೆದಿರಲಿಲ್ಲ. ಕಡೆಗೆ, "ಹಾಗಾದರೆ ಈಗ ಒಂದು ಹಾಡು ಹೇಳ್ತೀರಾ ಅಮ್ಮ?" ಎಂದ.

"ಛಲೋ ಅದ. ಇಷ್ಟು ಹೇಳಿದ ಮ್ಯಾಲೂ ಮತ್ತ ಹಾಡು ಅಂತೀಯಲ್ಲೋ." ಆಕೆ ನಕ್ಕರು. ಮೊದಲು ಯಮುನಾಬಾಯಿ, ಆಮೇಲೆ ಮಂದಾಕಿನಿ, ಕಡೆಗೆ ದಿವಾಕರನೂ ನಕ್ಕರು. ಆ ನಗು ಚಿತ್ರದಲ್ಲಿದೆ.

ಸಂಜೆ ಲೈಟುಗಳನ್ನು ಬಿಚ್ಚುತ್ತಿದ್ದರು. ನಾನಿನ್ನೂ ಸೆರಗಿನಲ್ಲೇ ಇದ್ದೆ. ತುಂಗಾಬಾಯಿ ಹಿತ್ತಿಲಿನಿಂದ ಒಣಗಿದ ಬಟ್ಟೆ ತಂದು, ಕಿಟಕಿಯ ಹತ್ತಿರ ಕುಳಿತು ಮಡಚತೊಡಗಿದರು. ಎರಡನೆಯ ಸೀರೆಗೆ ಬಂದಾಗ ಎದೆಯೊಳಗೆ ಏನೋ ಕದಲಿತು. ತುಟಿ ಮುಚ್ಚಿಯೇ ಇತ್ತು. ಸಣ್ಣ ಗುಂಯ್ ಎಂಬ ನಾದ. ನಾಲ್ಕು ಸ್ವರ ಹತ್ತಿ, ಅಲ್ಲೇ ನಿಂತು, ನಿಧಾನವಾಗಿ ಇಳಿಯಿತು. ಆಚೆ ಮೂಲೆಯಲ್ಲಿ ಮಂದಾಕಿನಿಯ ಕೈ ಹೆಡ್‌ಫೋನಿಗೆ ಹೋಯಿತು. ಅವಳು ಅದನ್ನು ಕಿವಿಯಿಂದ ತೆಗೆದಳು. ಯಂತ್ರವನ್ನು ಆರಿಸಿದಳು. ಆಮೇಲೆ ಬಂದು ಒಂದು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಆರಿಸಿದ ಮೇಲೆ ನನ್ನಿಂದ ಯಾವ ದನಿಯೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಆಕೆಯ ಎದೆಯ ನಡುಕ ನನ್ನ ಕ್ಲಿಪ್ಪಿಗೆ ತಟ್ಟುತ್ತಲೇ ಇತ್ತು. ಬಟ್ಟೆಯ ರಾಶಿ ಮುಗಿಯುವವರೆಗೂ.

ಚಿತ್ರ ಗದಗಿನಲ್ಲೂ ಪ್ರದರ್ಶನವಾಯಿತು. ಸಂಘದವರು ಮುಂದಿನ ಸಾಲಿನಿಂದ ನಡುವೆಯೇ ಎದ್ದು ಹೋದರಂತೆ. ಆ ವರ್ಷ ಶಾಲು ಬರಲಿಲ್ಲ. ಯಮುನಾಬಾಯಿ ಮಂದಾಕಿನಿಗೆ ಫೋನು ಮಾಡಿದ್ದರು. "ಟ್ರಂಕಿನಾಗ ಜಾಗಾ ಇರ್ಲಿಲ್ಲವಾ. ನಮ್ಮಕ್ಕ ಇದ್ದ ಶಾಲೆಲ್ಲಾ ಓಣಿಯವರಿಗೆ ಹಂಚಿದ್ಲು, ಥಂಡಿ ಛಲೋ ಬಿದ್ದದ." ಹಿಂದಿನಿಂದ ತುಂಗಾಬಾಯಿಯ ದನಿ ಏನೋ ಬೈಯುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ವಯರು ಸೀಳಿದೆ, ಸ್ಪಂಜು ಉದುರಿದೆ. ಯಾರ ಎದೆಯ ಮೇಲೆ ಕೂತರೂ ಕರಕರ ಎನ್ನುತ್ತೇನೆ. ದಿವಾಕರ ಹೊಸ ಮೈಕು ತಂದಾಗ ಮಂದಾಕಿನಿ ನನ್ನನ್ನು ಕೇಳಿ ಪಡೆದಳು. ಅವಳೀಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಮೇಜಿನ ಡ್ರಾಯರಿನಲ್ಲಿ, ಸ್ಟೇಪ್ಲರಿನ ಪಕ್ಕ ನನ್ನ ವಾಸ. ನೋಡಲೇಬೇಕಾದ ಸಂಗೀತ ಸಾಕ್ಷ್ಯಚಿತ್ರಗಳು ಯಾವುವೆಂದು ಹುಡುಗಿಯರು ಕೇಳುತ್ತಿರುತ್ತಾರೆ. ಅವಳು ನಾಲ್ಕಾರು ಹೆಸರು ಬರೆಸುತ್ತಾಳೆ. ತುಂಗಾಬಾಯಿಯದು ಪ್ರತಿ ಸಲವೂ ಇರುತ್ತದೆ.

ಮೊನ್ನೆ ಒಬ್ಬಳು ನೋಡಿಕೊಂಡು ಬಂದು ದೂರಿದಳು. "ಮೇಡಂ, ಅದರಲ್ಲಿ ಅವರು ಒಂದು ಹಾಡೂ ಹಾಡಲ್ಲ."

"ಹೌದು, ಹಾಡಲ್ಲ."

"ನೀವು ಅಲ್ಲೇ ಇದ್ದಿರಲ್ಲ. ಆಮೇಲಾದರೂ ಹಾಡಿದ್ರಾ?"

"ಅದನ್ನು ಅವರನ್ನೇ ಕೇಳಬೇಕು," ಎಂದಳು ಮಂದಾಕಿನಿ. ಪೆನ್ನು ಹುಡುಕುತ್ತ ಡ್ರಾಯರು ಎಳೆದಳು. ನನ್ನನ್ನು ಒಂದು ಕ್ಷಣ ನೋಡಿದಳು. ಪೆನ್ನು ತೆಗೆದುಕೊಂಡು ಡ್ರಾಯರನ್ನು ಮೆಲ್ಲಗೆ ಮುಚ್ಚಿದಳು.

ನಾನೂ ಆ ಹುಡುಗಿಗೆ ಹೇಳಲಾರೆ. ಇಷ್ಟು ವರ್ಷ ಕೇಳಿದ್ದನ್ನೆಲ್ಲ ಬೇರೆಯವರಿಗೆ ಒಪ್ಪಿಸುವುದೇ ನನ್ನ ಕೆಲಸವಾಗಿತ್ತು. ಆ ಸಂಜೆಯ ನಾದವೊಂದನ್ನಾದರೂ ಒಪ್ಪಿಸಬೇಕಾಗಿ ಬರಲಿಲ್ಲವಲ್ಲ ಎಂದು ಈ ಕತ್ತಲೆಯಲ್ಲಿ ಹಾಯಾಗಿದ್ದೇನೆ.